ವೈಲ್ಡ್‌ವುಡ್‌ನ ಒಂದು ಫೋಟೊ: ನ್ಯೂಯಾರ್ಕ್–ನ್ಯೂಜೆರ್ಸಿಯ ಪೊಲೀಸ್ ವಿಚಾರಣೆಯ ಚರಿತ್ರೆ

1964ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್ ಪೊಲೀಸರು ಜಾರ್ಜ್ ವಿಟ್ಮೋರ್ ಎಂಬ 19 ವರ್ಷದ ಕಪ್ಪು ಯುವಕನಿಂದ 61 ಪುಟಗಳ ತಪ್ಪೊಪ್ಪಿಗೆ ಪಡೆದರು. 1963ರ ಆಗಸ್ಟ್ 28ರಂದು ಮ್ಯಾನ್‌ಹಟನ್‌ನ ಮನೆಯೊಂದರಲ್ಲಿ ಇಬ್ಬರು ಯುವತಿಯರನ್ನು ಕೊಂದವನು ತಾನೇ ಎಂದು ಅವನು ಒಪ್ಪಿಕೊಂಡಿದ್ದ. ಕೊಲೆಗಾರನಿಗಲ್ಲದೆ ಬೇರೆಯವರಿಗೆ ತಿಳಿಯಲಾರದು ಎನ್ನುವಂಥ ವಿವರಗಳೂ ಅದರಲ್ಲಿದ್ದವು. ಅವನ ಪರ್ಸಿನಲ್ಲಿದ್ದ ಹುಡುಗಿಯ ಫೋಟೊ ಸತ್ತವರಲ್ಲಿ ಒಬ್ಬಳದೇ ಎಂದು ಪತ್ತೇದಾರರು ನಂಬಿದ್ದರು.

ಮ್ಯಾನ್‌ಹಟನ್‌ನ ಸರ್ಕಾರಿ ಅಭಿಯೋಜಕರ ಕಚೇರಿಯವರು ಫೋಟೊದ ಬೆನ್ನು ಹತ್ತಿದಾಗ ಅದು ನ್ಯೂಜೆರ್ಸಿಯ ಬೇರೊಬ್ಬ ಹುಡುಗಿಯದು ಎಂದು ತಿಳಿಯಿತು. ಕೊಲೆಯ ದಿನ ವಿಟ್ಮೋರ್ ಇದ್ದದ್ದು 200 ಕಿ.ಮೀ.ಗೂ ದೂರದ ವೈಲ್ಡ್‌ವುಡ್ ಎಂಬ ಕಡಲೂರಿನಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ಭಾಷಣ ಮಾಡಿದ ದಿನ ಅದು, ಟಿ.ವಿ. ಮುಂದೆ ಅವನನ್ನು ಕಂಡವರಿಗೆ ತಾರೀಖು ಮರೆತಿರಲಿಲ್ಲ. ಹಾಗಾದರೆ ಆ ಒಳವಿವರಗಳು ಎಲ್ಲಿಂದ ಬಂದವು? ಪ್ರಶ್ನೆ ಕೇಳಿದವರಿಂದಲೇ ಎನ್ನದೆ ಬೇರೆ ದಾರಿಯಿಲ್ಲ. ಕೊಲೆಗಳಿಗಾಗಿ 1965ರಲ್ಲಿ ಇನ್ನೊಬ್ಬ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಬೇರೊಂದು ಬ್ರೂಕ್ಲಿನ್ ಪ್ರಕರಣ ಮಾತ್ರ ವಿಟ್ಮೋರ್‌ನನ್ನು 1973ರವರೆಗೂ ಬಿಡಲಿಲ್ಲ.

ವಿಚಾರಣೆಗೆ ಮುನ್ನ ಮೌನವಾಗಿರುವ ಹಕ್ಕನ್ನು ಶಂಕಿತನಿಗೆ ತಿಳಿಸಬೇಕೆಂದ ಅಮೆರಿಕ ಸುಪ್ರೀಂ ಕೋರ್ಟಿನ 1966ರ ಮಿರಾಂಡ ತೀರ್ಪಿನ ಅಡಿಟಿಪ್ಪಣಿಯೊಂದರಲ್ಲಿ ವಿಟ್ಮೋರ್ ಪ್ರಕರಣವಿದೆ. ಇನ್‌ಬೌ ಮತ್ತು ರೀಡ್ 1962ರಲ್ಲಿ ಬರೆದ ಪೊಲೀಸ್ ವಿಚಾರಣೆಯ ಕೈಪಿಡಿಯನ್ನೂ ಆ ತೀರ್ಪು ಟೀಕಿಸಿತು. ಹಾವಭಾವ ನೋಡಿ ಅಪರಾಧಿಯನ್ನು ಗುರುತಿಸು, ನಂತರ ನಿರಾಕರಿಸಲು ಬಿಡದೆ ಒಪ್ಪಿಸು ಎಂಬುದು ಆ ಪದ್ಧತಿಯ ಜೀವಾಳ. ಅದರ ಬುನಾದಿಯೇ ಸಡಿಲ. ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಳ್ಳು–ನಿಜ ಗುರುತಿಸುವುದರಲ್ಲಿ ಜನರ ಊಹೆ ಸರಿಯಾಗಿದ್ದದ್ದು ಸರಾಸರಿ ಶೇ. 54ರಷ್ಟು ಸಲ ಮಾತ್ರ.

ನ್ಯೂಯಾರ್ಕ್‌ನಲ್ಲಿ ಓಟಗಾರ್ತಿಯೊಬ್ಬಳ ಮೇಲೆ ಹಲ್ಲೆ ನಡೆದ 1989ರ ಸೆಂಟ್ರಲ್ ಪಾರ್ಕ್ ಪ್ರಕರಣದಲ್ಲಿ ಐವರು ಆರೋಪಿ ಹುಡುಗರ ಪೈಕಿ ನಾಲ್ವರ ತಪ್ಪೊಪ್ಪಿಗೆಯ ವಿಡಿಯೊ ಇತ್ತು. ಆದರೆ ಕ್ಯಾಮೆರಾ ಚಾಲೂ ಆದದ್ದು ಗಂಟೆಗಟ್ಟಲೆ ವಿಚಾರಣೆ ಮುಗಿದ ಮೇಲೆ. ಒಬ್ಬನ ಹೇಳಿಕೆ ಇನ್ನೊಬ್ಬನದಕ್ಕೆ ಹೊಂದುತ್ತಿರಲಿಲ್ಲ, ಡಿ.ಎನ್.ಎ. ಯಾರಿಗೂ ಹೊಂದಲಿಲ್ಲ, ಆದರೂ ಐವರಿಗೆ ಶಿಕ್ಷೆಯಾಯಿತು. 2002ರಲ್ಲಿ ನಿಜವಾದ ಅಪರಾಧಿ ತಾನಾಗಿ ಒಪ್ಪಿಕೊಂಡ ಮೇಲೆ ಅದು ರದ್ದಾಯಿತು. ತೆರೆಯ ಮೇಲೆ ಕಂಡ ಮುಖಗಳನ್ನು ಜ್ಯೂರಿ ನಂಬಿತು. ಆ ಮುಖಗಳು ಹಾಗಾದದ್ದು ಹೇಗೆ ಎಂಬುದು ಎಲ್ಲೂ ದಾಖಲಾಗಿರಲಿಲ್ಲ.

ನ್ಯೂಜೆರ್ಸಿ ಸುಪ್ರೀಂ ಕೋರ್ಟಿನ 2004ರ ಕುಕ್ ತೀರ್ಪು ವಿಚಾರಣೆಯ ಪೂರ್ಣ ಧ್ವನಿಮುದ್ರಣದ ನಿಯಮಕ್ಕೆ ದಾರಿ ಮಾಡಿತು. ನ್ಯೂಯಾರ್ಕ್‌ನಲ್ಲಿ ಗಂಭೀರ ಅಪರಾಧಗಳಿಗೆ ಅಂಥ ಕಾನೂನು ಜಾರಿಯಾದದ್ದು 2018ರಲ್ಲಿ.

ಆದರೆ ನನಗೆ ಇದಕ್ಕಿಂತ ಮುಖ್ಯವೆನಿಸುವುದು ಮ್ಯಾನ್‌ಹಟನ್‌ನ ಜಾನ್ ಜೇ ಕಾಲೇಜಿನ ಮನಶ್ಶಾಸ್ತ್ರಜ್ಞೆ ಮಾರಿಯಾ ಹಾರ್ಟ್‌ವಿಗ್ ಅವರ ಕೆಲಸ. ಸ್ವೀಡನ್ನಿನಲ್ಲಿ ಸಹೋದ್ಯೋಗಿಗಳೊಡನೆ ಅವರು ರೂಪಿಸಿದ ವಿಧಾನದಲ್ಲಿ ಆರೋಪವೂ ಇಲ್ಲ, ಗದರಿಕೆಯೂ ಇಲ್ಲ. ಕೈಯಲ್ಲಿರುವ ಸಾಕ್ಷ್ಯವನ್ನು ಹೊರಗೆಡವದೆ, ಮೊದಲು ಎದುರಿನವನಿಗೆ ನಡೆದದ್ದನ್ನೆಲ್ಲ ಹೇಳಲು ಬಿಡಬೇಕು. ಆಮೇಲೆ ಅವನ ಮಾತನ್ನು ಸಾಕ್ಷ್ಯದ ಪಕ್ಕದಲ್ಲಿಟ್ಟು ನೋಡಬೇಕು. 2006ರ ಪ್ರಯೋಗದಲ್ಲಿ ಈ ತರಬೇತಿ ಪಡೆದ ಸ್ವೀಡಿಷ್ ಪೊಲೀಸ್ ಅಭ್ಯರ್ಥಿಗಳು ಸುಮಾರು ಶೇ. 85ರಷ್ಟು ಸಲ ಸುಳ್ಳು–ನಿಜವನ್ನು ಸರಿಯಾಗಿ ತೀರ್ಮಾನಿಸಿದರು, ಪಡೆಯದವರು ಶೇ. 56ರಷ್ಟು. ಬ್ರೂಕ್ಲಿನ್ ಠಾಣೆಯಲ್ಲಿ ಹೀಗೆ ನಡೆದಿದ್ದರೆ ಆ ಒಳವಿವರಗಳು ವಿಟ್ಮೋರ್‌ನ ಬಾಯಿಗೆ ಬರುತ್ತಲೇ ಇರಲಿಲ್ಲ.

ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಬಾರದೆಂಬ ನಿಯಮ ನಮ್ಮಲ್ಲಿ 1872ರ ಸಾಕ್ಷ್ಯ ಅಧಿನಿಯಮದಿಂದಲೂ ಇದೆ. ಬೆಂಗಳೂರಿನ ಪ್ರಯೋಗಾಲಯದಿಂದ ಹೆಸರಾಗಿದ್ದ ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲವೆಂದು 2010ರ ಸೆಲ್ವಿ–ಕರ್ನಾಟಕ ರಾಜ್ಯ ತೀರ್ಪು ಹೇಳಿತು. ಅಮೆರಿಕದಲ್ಲಾದರೋ, ಶಂಕಿತನಿಗೆ ಪೊಲೀಸರು ಸುಳ್ಳು ಹೇಳಿದರೆಂಬ ಒಂದೇ ಕಾರಣಕ್ಕೆ ತಪ್ಪೊಪ್ಪಿಗೆ ಬಿದ್ದುಹೋಗದು ಎಂಬ 1969ರ ಫ್ರೇಜಿಯರ್ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟು ಇನ್ನೂ ತಳ್ಳಿಹಾಕಿಲ್ಲ.