ತೈಲಶುದ್ಧಿಯ ಕಟ್ಟಳೆಗಳೂ ಸೀಮೆಯ ಪೆಟ್ರೋಲು ಬೆಲೆಯೂ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯು ಮಾವಿನ ತೋಪುಗಳ ಸೀಮೆ. ಕೆರೆಕುಂಟೆಗಳನ್ನೂ ಕೊಳವೆಬಾವಿಗಳನ್ನೂ ನಂಬಿರುವ ಈ ನೆಲದಲ್ಲಿ ಕಲ್ಲೆಣ್ಣೆಯ ಬಾವಿಯೂ ಇಲ್ಲ, ಅದನ್ನು ಶೋಧಿಸುವ ಕಾರ್ಖಾನೆಯೂ ಇಲ್ಲ. ಆದರೂ ಜ್ಯೇಷ್ಠಮಾಸದಲ್ಲಿ ಕಾಯಿ ತುಂಬಿದ ಲಾರಿಯು ಮಂಡಿಗೆ ಹೊರಡಬೇಕಾದರೆ ಡೀಸೆಲು ಬೇಕು. ಉಳುವ ಟ್ರಾಕ್ಟರಿಗೂ ಅದೇ ಬೇಕು. ಲೀಟರಿಗೆ ಒಂದು ರೂಪಾಯಿ ಏರಿದರೆ ಅದರ ಭಾರವು ಕಡೆಗೆ ಬೆಳೆಗಾರನ ಮೇಲೆಯೇ ಬೀಳುವುದು. ಇಂತಿರಲು, ಗಾಳಿಯು ಶುದ್ಧವಾಗಲೆಂದು ಸರಕಾರವು ತೈಲಶುದ್ಧಿಯ ಕಾರ್ಖಾನೆಗಳಿಗೆ ವಿಧಿಸಿದ ಕಟ್ಟಳೆಗಳಿಂದಲೇ ಎಣ್ಣೆಯ ಬೆಲೆ ಏರಿತೆಂಬ ಜನವಾದವು ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಾರ್ಹವಾದುದು. ಕಾರ್ಯಕಾರಣಭಾವವನ್ನು ನಿಶ್ಚಯಿಸಲು ತಾರ್ಕಿಕರು ಅನ್ವಯವ್ಯತಿರೇಕಗಳೆಂಬ ಉಪಾಯವನ್ನು ಹೇಳಿರುವರು. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವೂ ಇರಬಾರದು. ಈ ಜನವಾದವನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಭರತಖಂಡದಲ್ಲಿ ತೈಲಶುದ್ಧಿಯು ಅಸ್ಸಾಮಿನ ದಿಗ್ಬಾಯಿಯಲ್ಲಿ 1901ರಲ್ಲಿ ಮೊದಲಾಯಿತು. ಸ್ವಾತಂತ್ರ್ಯಾನಂತರ ಮುಂಬಯಿಯ ಟ್ರಾಂಬೆಯಲ್ಲಿಯೂ ವಿಶಾಖಪಟ್ಟಣದಲ್ಲಿಯೂ ಕಾರ್ಖಾನೆಗಳು ಎದ್ದವು. 1969ರಲ್ಲಿ ಮದರಾಸಿನ ಬಳಿಯ ಮಣಲಿಯ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಕನ್ನಡನಾಡಿಗೆ ಇಂಥ ಕಾರ್ಖಾನೆಯು ಬಂದುದು ಬಹಳ ತಡವಾಗಿ. ಮಂಗಳೂರು ರಿಫೈನರಿಯ ಸಂಸ್ಥೆಯು 1988ರಲ್ಲಿ ಸ್ಥಾಪಿತವಾಗಿ, 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ನುಗಳ ಶಕ್ತಿಯೊಡನೆ ಆರಂಭವಾಯಿತು. ಕಾಲಕ್ರಮದಲ್ಲಿ ಅದರ ಶಕ್ತಿಯು 150 ಲಕ್ಷ ಟನ್ನಿಗೆ ಏರಿತು. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಹೊಸಕೋಟೆಯ ಬಳಿಯ ದೇವನಗೊಂದಿಯವರೆಗೆ ಕೊಳವೆಮಾರ್ಗವು 2003ರಲ್ಲಿ ಸಿದ್ಧವಾಯಿತು. ಅಲ್ಲಿಗೆ ಮುಂದೆ ಚೆನ್ನೈ ಕಡೆಯಿಂದಲೂ ಕೊಳವೆ ಬಂದಿತು. ಪಡುಗಡಲಿನ ಎಣ್ಣೆಯೂ ಮೂಡುಗಡಲಿನ ಎಣ್ಣೆಯೂ ಕೋಲಾರ ಸೀಮೆಯ ನೆರೆಯಲ್ಲಿಯೇ ಸಂಧಿಸಿದವೆಂದು ಹೇಳಬಹುದು.

ಕಾರ್ಖಾನೆಗಳು ಮೊದಲು ಬಂದವು, ಕಟ್ಟಳೆಗಳು ಆಮೇಲೆ ಬಂದವು. 1974ರಲ್ಲಿ ಜಲಮಾಲಿನ್ಯದ ಕಾಯಿದೆಯೂ, 1981ರಲ್ಲಿ ವಾಯುಮಾಲಿನ್ಯದ ಕಾಯಿದೆಯೂ, 1984ರ ಭೋಪಾಲದ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯಿದೆಯೂ ಹುಟ್ಟಿದವು. ಇವುಗಳ ಕಟ್ಟಳೆಗಳು ಎರಡು ಬಗೆಯವು. ಕಾರ್ಖಾನೆಯ ಚಿಮಣಿಯಿಂದ ಹೊರಡುವ ಹೊಗೆಯನ್ನೂ ಕಾಲುವೆಗೆ ಬೀಳುವ ಕೊಳಕು ನೀರನ್ನೂ ನಿಯಮಿಸುವುದು ಒಂದು ಬಗೆ. ಸಿದ್ಧವಾದ ಎಣ್ಣೆಯಲ್ಲಿಯೇ ಯಾವ ದೋಷವು ಎಷ್ಟಿರಬಹುದೆಂದು ನಿಯಮಿಸುವುದು ಇನ್ನೊಂದು ಬಗೆ. ಬೆಲೆಯ ಪ್ರಶ್ನೆಗೆ ಎರಡನೆಯದೇ ಮುಖ್ಯವಾದುದು.

ಪೆಟ್ರೋಲಿನ ದೋಷಗಳಲ್ಲಿ ಮೊದಲನೆಯದು ಸೀಸ. ಯಂತ್ರವು ಬಡಿದುಕೊಳ್ಳದಿರಲೆಂದು ಬೆರಸುತ್ತಿದ್ದ ಈ ವಿಷವು ಹೊಗೆಯ ಮೂಲಕ ಮಕ್ಕಳ ರಕ್ತವನ್ನು ಸೇರಿ ಬುದ್ಧಿಶಕ್ತಿಯನ್ನು ಕುಂದಿಸುವುದೆಂದು ವೈದ್ಯರು ಕಂಡರು. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲು ಬಂದಿತು. ಸೀಸದ ವಿಷಬಾಧೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು 1999ರಲ್ಲಿ ಬೆಂಗಳೂರಿನಲ್ಲಿಯೇ ನೆರೆಯಿತು. 2000ದ ಫೆಬ್ರವರಿಯಲ್ಲಿ ದೇಶವೆಲ್ಲಕ್ಕೂ ಸೀಸದ ಬಳಕೆ ನಿಂತಿತು. ಎರಡನೆಯ ದೋಷವು ಗಂಧಕ. ಇದನ್ನು ತೆಗೆಯಬೇಕಾದರೆ ಹೆಚ್ಚಿನ ಒತ್ತಡದಲ್ಲಿಯೂ ಶಾಖದಲ್ಲಿಯೂ ಎಣ್ಣೆಯೊಡನೆ ಜಲಜನಕವನ್ನು ಕೂಡಿಸಬೇಕು. ಆ ಜಲಜನಕವನ್ನು ಬೇರೆಯಾಗಿ ತಯಾರಿಸಬೇಕು. ಇದಕ್ಕೆ ಹೊಸ ಯಂತ್ರಗಳೂ ಉರುವಲೂ ಬೇಕು. ಆದುದರಿಂದ ಶುದ್ಧಿಗೆ ಖರ್ಚಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. 1996ಕ್ಕೆ ಮೊದಲು ಡೀಸೆಲಿನಲ್ಲಿ ನೂರಕ್ಕೆ ಒಂದು ಭಾಗದವರೆಗೆ ಗಂಧಕವಿರಬಹುದಾಗಿತ್ತು. 2020ರ ಏಪ್ರಿಲಿನ ಭಾರತ್ ಹಂತ ಆರರ ನಿಯಮದಂತೆ ಅದು ಹತ್ತು ಲಕ್ಷಕ್ಕೆ ಹತ್ತು ಭಾಗವನ್ನು ಮೀರಬಾರದು. ಇಪ್ಪತ್ತನಾಲ್ಕು ವರ್ಷಗಳಲ್ಲಿ ದೋಷದ ಮಿತಿಯು ಸಾವಿರದಲ್ಲೊಂದು ಪಾಲಿಗೆ ಇಳಿಯಿತು.

ಈ ಎರಡು ತುದಿಗಳ ನಡುವೆ ದೇಶದಲ್ಲಿ ಎರಡು ಬಗೆಯ ಎಣ್ಣೆಗಳು ಮಾರುತ್ತಿದ್ದ ಕಾಲವೊಂದಿತ್ತು. 2010ರಿಂದ ಬೆಂಗಳೂರೂ ಸೇರಿ ಹದಿಮೂರು ನಗರಗಳಿಗೆ ನಾಲ್ಕನೆಯ ಹಂತದ ಎಣ್ಣೆ, ಮಿಕ್ಕ ಸೀಮೆಗಳಿಗೆ ಮೂರನೆಯ ಹಂತದ ಎಣ್ಣೆ ಎಂದು ವಿಭಾಗವಾಯಿತು. ಇಂಥ ವಿಭಾಗದಲ್ಲಿ ಅಪಾಯವುಂಟೆಂಬುದಕ್ಕೆ ಅಮೆರಿಕವೇ ನಿದರ್ಶನ. ಅಲ್ಲಿ 1990ರ ಕಾಯಿದೆಯಂತೆ ಹೊಗೆ ಮುಸುಕಿದ ನಗರಗಳಿಗೆ ಬೇರೆಯೇ ಪಾಕದ ಪೆಟ್ರೋಲು ವಿಧಿಸಲ್ಪಟ್ಟಿತು. 2000ದ ಬೇಸಗೆಯಲ್ಲಿ ಷಿಕಾಗೋ ಮತ್ತು ಮಿಲ್ವಾಕಿ ನಗರಗಳಲ್ಲಿ ಹೊಸ ಪಾಕದ ದಾಸ್ತಾನು ಕಡಮೆಯಾಗಿದ್ದಾಗಲೇ ಕೊಳವೆಮಾರ್ಗಗಳು ಒಡೆದವು. ನೆರೆಯ ಊರಿನ ಪೆಟ್ರೋಲನ್ನು ಅಲ್ಲಿಗೆ ತಂದು ಮಾರುವಂತಿರಲಿಲ್ಲವಾದ ಕಾರಣ, ಬೆಲೆಯು ಗ್ಯಾಲನ್ನಿಗೆ ಎರಡು ಡಾಲರನ್ನು ಮೀರಿತು. ಇಲ್ಲಿ ಜನವಾದಕ್ಕೆ ಅನ್ವಯವು ದೊರೆಯುತ್ತದೆ. ಆದರೆ ಬೆಲೆಯನ್ನು ಹಾರಿಸಿದುದು ಶುದ್ಧಿಯ ಖರ್ಚಲ್ಲ. ಕಟ್ಟಳೆಯು ಊರಿಂದೂರಿಗೆ ಬೇರೆಯಾಗಿ ಮಾರುಕಟ್ಟೆಯು ದ್ವೀಪದಂತಾದುದು. ಭಾರತದಲ್ಲಿ 2017ರ ಏಪ್ರಿಲಿಗೆ ನಾಲ್ಕನೆಯ ಹಂತವೂ, ಐದನೆಯದನ್ನು ದಾಟಿ 2020ರಲ್ಲಿ ಆರನೆಯ ಹಂತವೂ ದೇಶಾದ್ಯಂತ ಏಕರೂಪವಾದುದರಿಂದ ಈ ಭಯವು ನೀಗಿತು.

ಇನ್ನು 2020ರ ಏಪ್ರಿಲ್ 1ನೆಯ ತಾರೀಖನ್ನು ವಿಚಾರಿಸಬೇಕು. ಹೊಸ ಎಣ್ಣೆಯು ಬಂದ ಆ ದಿನವೇ ಕರ್ನಾಟಕದಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯು ನೂರಕ್ಕೆ 32ರಿಂದ 35ಕ್ಕೂ, ಡೀಸೆಲಿನದು 21ರಿಂದ 24ಕ್ಕೂ ಏರಿತು. ಲೀಟರಿಗೆ ಕ್ರಮವಾಗಿ 1 ರೂಪಾಯಿ 60 ಪೈಸೆ ಮತ್ತು 1 ರೂಪಾಯಿ 59 ಪೈಸೆ ಹೆಚ್ಚುವುದೆಂದು ಮಾರ್ಚಿ ತಿಂಗಳ ಆಯವ್ಯಯ ಪತ್ರದಲ್ಲಿಯೇ ಹೇಳಲಾಗಿತ್ತು. ಶುದ್ಧಿಯ ವೆಚ್ಚಕ್ಕೆಂದು ತೈಲಸಂಸ್ಥೆಗಳು ಅಂದು ಬೆಲೆಯನ್ನು ಏರಿಸಲಿಲ್ಲ. ಎರಡೂ ಒಂದೇ ದಿನ ಕೂಡಿಬಂದುದನ್ನು ಕಂಡವರು ಏರಿಕೆಯನ್ನು ಹೊಸ ಎಣ್ಣೆಯ ಮೇಲೆ ಹೊರಿಸಿದರೆ ಅದು ಕಾಕತಾಳೀಯವನ್ನೇ ಕಾರಣವೆಂದು ಬಗೆದಂತೆ. ಕಾಗೆ ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಏಕಕಾಲದಲ್ಲಿ ಆದ ಮಾತ್ರಕ್ಕೆ ಕಾಗೆಯು ಹಣ್ಣನ್ನು ಕೆಡವಿತೆನ್ನಲಾಗದು.

ಹಾಗಾದರೆ ಶುದ್ಧಿಯ ವೆಚ್ಚವೆಷ್ಟು? ಆರನೆಯ ಹಂತಕ್ಕಾಗಿ ಸರಕಾರಿ ಕಾರ್ಖಾನೆಗಳು ಸುಮಾರು 35,000 ಕೋಟಿ ರೂಪಾಯಿಗಳನ್ನು ತೊಡಗಿಸಿದುವೆಂದು 2020ರಲ್ಲಿ ತೈಲಸಂಸ್ಥೆಗಳವರು ಹೇಳಿದರು. ಆ ಕಾಲಕ್ಕೆ ದೇಶವು ವರ್ಷಕ್ಕೆ ಬಳಸುತ್ತಿದ್ದ ಪೆಟ್ರೋಲು ಡೀಸೆಲುಗಳೆರಡೂ ಸೇರಿ ಹೆಚ್ಚುಕಡಮೆ 14,000 ಕೋಟಿ ಲೀಟರು. ಬಂಡವಾಳವನ್ನು ಹತ್ತು ವರ್ಷಗಳಿಗೆ ಹಂಚಿದರೆ ಲೀಟರಿಗೆ 25 ಪೈಸೆ. ಬಡ್ಡಿಯನ್ನೂ ಜಲಜನಕದ ಖರ್ಚನ್ನೂ ಇದಕ್ಕೆ ಕೂಡಿಸಬೇಕಾದುದು ನ್ಯಾಯವೇ. ಆದರೂ 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಒಂದೇ ರಾತ್ರಿಯಲ್ಲಿ ಪೆಟ್ರೋಲಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಅಬಕಾರಿ ಸುಂಕವನ್ನು ಏರಿಸಿದುದರ ಮುಂದೆ ಈ 25 ಪೈಸೆಯು ಬೆಟ್ಟದ ಬುಡದ ಬೆಣಚುಕಲ್ಲಿನಂತೆ. ಕಲ್ಲೆಣ್ಣೆಯ ಬೆಲೆಯು ಅಂದು ಲೋಕವೆಲ್ಲ ಕುಸಿದಿದ್ದುದರಿಂದ ಕೊಳ್ಳುವವನಿಗೆ ಏರಿಕೆಯು ತಿಳಿಯಲಿಲ್ಲ. ಸಲ್ಲಬೇಕಾಗಿದ್ದ ಇಳಿಕೆಯೂ ಸಲ್ಲಲಿಲ್ಲ.

ವ್ಯತಿರೇಕಕ್ಕೆ ಯಲ್ದೂರಿನವರು ದೂರ ಹೋಗಬೇಕಾಗಿಲ್ಲ. ತಾಲ್ಲೂಕಿನ ಗಡಿಯಾಚೆ ಆಂಧ್ರದೇಶದಲ್ಲಿ ಮಾರುವುದೂ ಅದೇ ಆರನೆಯ ಹಂತದ ಎಣ್ಣೆಯೇ. ಆದರೆ ಅಲ್ಲಿ ಪೆಟ್ರೋಲಿಗೆ ನೂರಕ್ಕೆ 31ರ ತೆರಿಗೆಯ ಮೇಲೆ ಲೀಟರಿಗೆ 4 ರೂಪಾಯಿಯನ್ನು ಪ್ರತ್ಯೇಕವಾಗಿ ವಿಧಿಸಿದುದರಿಂದ ಬೆಲೆಯು ಕರ್ನಾಟಕಕ್ಕಿಂತ ಹೆಚ್ಚಾಯಿತು. 2024ರ ಜೂನಿನಲ್ಲಿ ಕರ್ನಾಟಕ ಸರಕಾರವು ತೆರಿಗೆಯನ್ನು ಏರಿಸಿದಾಗ, ಯಾವ ಹೊಸ ಪರಿಸರ ನಿಯಮವೂ ಬಾರದೆಯೇ, ಲೀಟರಿಗೆ 3 ರೂಪಾಯಿ ಹೆಚ್ಚಿತು. ಕಟ್ಟಳೆಯೊಂದೇ, ಬೆಲೆ ಎರಡು. ಕಟ್ಟಳೆಯು ನಿಂತಿದೆ, ಬೆಲೆಯು ಏರಿದೆ. ಇದರಿಂದ ಪ್ರಧಾನ ಕಾರಣವು ಬೇರೆಯೆಂದು ಸಿದ್ಧವಾಯಿತು.

ಶುದ್ಧಿಗೆ ಯಾರು ಎಷ್ಟು ತೆತ್ತರೆಂಬುದನ್ನೂ ನೆನೆಯುವುದು ಧರ್ಮ. ಮಂಗಳೂರಿನ ಕಾರ್ಖಾನೆಯ ನೆರೆಯ ಜೋಕಟ್ಟೆಯ ನಿವಾಸಿಗಳು, ಮೂರನೆಯ ವಿಸ್ತರಣದಲ್ಲಿ ಬಂದ ಕೋಕ್ ಮತ್ತು ಗಂಧಕದ ಘಟಕದ ಧೂಳು ದುರ್ಗಂಧಗಳ ವಿರುದ್ಧ ಬಹುಕಾಲ ಹೋರಾಡಿದರು. 2019ರ ಬೇಸಗೆಯಲ್ಲಿ ನೇತ್ರಾವತಿಯು ಬತ್ತಿದಾಗ ಕಾರ್ಖಾನೆಯೇ ನೀರಿಲ್ಲದೆ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ತರುವಾಯ ತಣ್ಣೀರುಬಾವಿಯಲ್ಲಿ ಕಡಲ ನೀರನ್ನು ಸಿಹಿಮಾಡುವ ಸ್ಥಾವರವು ಕಟ್ಟಲ್ಪಟ್ಟಿತು. ಮಾವಿನ ಲಾರಿಗೆ ತುಂಬುವ ಡೀಸೆಲಿನಲ್ಲಿ ಅವರ ಉಸಿರಿನ ಪಾಲೂ ಆ ನದಿಯ ಪಾಲೂ ಇರುತ್ತದೆ. ಆ ಪಾಲಿಗಾಗಿ ತೆರುವ ಕೆಲವು ಪೈಸೆಗಳು ಬೆಳೆಗಾರನನ್ನು ಕೆಡಿಸವು. ರೂಪಾಯಿಗಳ ಲೆಕ್ಕವನ್ನು ಕೇಳಬೇಕಾದವನು ದೆಹಲಿಯ ಮತ್ತು ಬೆಂಗಳೂರಿನ ಆಯವ್ಯಯ ಪತ್ರಗಳನ್ನು ಓದಬೇಕೇ ಹೊರತು, ಜೋಕಟ್ಟೆಯವರಿಗೆ ರಕ್ಷೆಯಾಗಿರುವ ಕಟ್ಟಳೆಗಳನ್ನು ಸಡಿಲಿಸೆಂದು ಬೇಡಲಾಗದು.