ಹೆಸರಿಗೆ ಮಾತ್ರ ಹಳ್ಳಿ

ನಮ್ಮೂರಿನ ಹೆಸರನ್ನು ಅಕ್ಷರಶಃ ನಂಬಿ ಬಂದವರು ಮೋಸಹೋಗುತ್ತಾರೆ. ಹೆಸರು ದೇವನಹಳ್ಳಿ, ಆದರೆ ಪುರಸಭೆಯೂ ಇದೆ, ಕಲ್ಲಿನ ಕೋಟೆಯೂ ಇದೆ. ಹಿಂದಿನ ಹೆಸರಿನಲ್ಲಿ ಇನ್ನೂ ಹೆಚ್ಚು ವಿನಯವಿತ್ತು: ದೇವನದೊಡ್ಡಿ. ದೊಡ್ಡಿಯೆಂದರೆ ದನ ಕೂಡುವ ಜಾಗ! ಆವತಿ ಮನೆತನದ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಎಬ್ಬಿಸಿದ. ಹೈದರ್, ಟಿಪ್ಪು ಕಾಲಕ್ಕೆ ಅದು ಕಲ್ಲಾಯಿತು. ಇಲ್ಲೇ ಹುಟ್ಟಿದ ಟಿಪ್ಪು ತವರೂರಿಗೆ ಯೂಸುಫಾಬಾದ್ ಎಂದು ಹೊಸ ಹೆಸರಿಟ್ಟ. ಕಾಗದಕ್ಕೆ ಹತ್ತಿದ್ದು ನಾಲಿಗೆಗೆ ಹತ್ತಲಿಲ್ಲ. ಸುಲ್ತಾನನ ಅಪ್ಪಣೆಯೇ ಇರಲಿ, ಸಂತೆಯಲ್ಲಿ ಸೊಪ್ಪು ಮಾರುವವರು ಒಪ್ಪದ ಹೆಸರು ಬಾಳುವುದಿಲ್ಲ.

ಊರಿನ ಹೆಸರನ್ನು ನಾಡಿನುದ್ದಕ್ಕೂ ಹೊತ್ತು ತಿರುಗಿದವರು ಡಿ.ವಿ.ಜಿ. ಆ 'ಡಿ' ನಮ್ಮ ದೇವನಹಳ್ಳಿಯೇ. ಅವರು ಹುಟ್ಟಿದ್ದು ಮಾತ್ರ ಮುಳಬಾಗಿಲಿನಲ್ಲಿ. ನಾವು ಇದನ್ನು ಜೋರಾಗಿ ಹೇಳುವುದಿಲ್ಲ.

2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಮಾತು ಪೂರ್ತಿ ಹಳಿತಪ್ಪಿತು. ನಮ್ಮ ನೆಲದಲ್ಲಿ ಇಳಿದ ನೆಂಟರು ಫೋನಿನಲ್ಲಿ, "ಬೆಂಗಳೂರು ತಲುಪಿದೆ, ಇನ್ನು ಬೆಂಗಳೂರಿಗೆ ಹೊರಡ್ತೀನಿ" ಅನ್ನುತ್ತಾರೆ. ಕೇಳುವವರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ಊರಿನ ಚಕ್ಕೋತ ಜಿಐ ಮಾನ್ಯತೆ ಪಡೆದದ್ದು ದೇವನಹಳ್ಳಿಯ ಹೆಸರಿನಲ್ಲೇ. ವಿಮಾನದವರಿಗಿಂತ ಹಣ್ಣಿಗೇ ನಿಯತ್ತು ಜಾಸ್ತಿ.

ಇನ್ನು 'ಗ್ರಾಮಾಂತರ'. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದಾಗ ನಮ್ಮ ಪಾಲಿಗೆ ಬಂದ ಪದ. ಸಂಸ್ಕೃತದ ಲೆಕ್ಕದಲ್ಲಿ ಅದು 'ಬೇರೊಂದು ಹಳ್ಳಿ'. ಯಾವ ಹಳ್ಳಿಗಿಂತ ಬೇರೆ ಎಂದು ಕಚೇರಿಯವರನ್ನು ಕೇಳಿ ನೋಡಿ. ಅರ್ಜಿ ಕೊಡಿ ಅಂದಾರು.