ಬಾಯಿ ಕಟ್ಟಿದ ಇಸ್ಪೀಟು

ಆಟಗಳ ಇತಿಹಾಸ ಸರಣಿಯಲ್ಲಿ ಇವತ್ತು ಹಾರ್ತ್‌ಸ್ಟೋನ್. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ 🃏

ಅರಳಿಕಟ್ಟೆ ಮೇಲಿನ ಇಸ್ಪೀಟು ನೋಡಿದ್ದೀರಲ್ವಾ? ಅಲ್ಲಿ ಅರ್ಧ ಆಟ ನಡೆಯೋದೇ ಬಾಯಲ್ಲಿ. ಎಲೆ ಎಸೆಯೋ ಮೊದಲು ಒಂದು ಡೈಲಾಗು, ಎಸೆದ ಮೇಲೆ ಇನ್ನೊಂದು, ಸೋತವನಿಗೆ ಮನೆಗೆ ಹೋಗೋವರೆಗೂ ಕಿಚಾಯಿಸೋದು. ಈಗ ಅದೇ ಆಟದಿಂದ ಮಾತನ್ನೇ ತೆಗೆದುಬಿಟ್ಟರೆ ಏನು ಉಳಿಯುತ್ತೆ?

2014ರ ಮಾರ್ಚ್‌ನಲ್ಲಿ ಬ್ಲಿಝಾರ್ಡ್ ಕಂಪನಿ ಹಾರ್ತ್‌ಸ್ಟೋನ್ ಬಿಡುಗಡೆ ಮಾಡಿದಾಗ ಹೆಚ್ಚುಕಡಿಮೆ ಇದನ್ನೇ ಮಾಡಿತು. ನಿಮ್ಮದು 30 ಎಲೆಗಳ ಕಟ್ಟು, ನಿಮ್ಮ ನಾಯಕನಿಗೆ 30 ಅಂಕ ಜೀವ. ಪ್ರತಿ ಸರದಿಗೆ ಒಂದೊಂದು ಮಾನಾ ಹೆಚ್ಚುತ್ತಾ 10ರವರೆಗೆ ಹೋಗುತ್ತೆ, ಎಲೆ ಇಳಿಸೋಕೆ ಅದೇ ಬಂಡವಾಳ. ಎದುರಾಳಿಯ ಜೀವ ಸೊನ್ನೆ ಆದ್ರೆ ನೀವು ಗೆದ್ರಿ. ಇಂಥ ಆಟಗಳಿಗೆಲ್ಲ ಮೂಲಪುರುಷ 1993ರ ಮ್ಯಾಜಿಕ್: ದ ಗ್ಯಾದರಿಂಗ್, ಅದನ್ನು ಕಟ್ಟಿದವರು ಗಣಿತ ಓದಿದ ರಿಚರ್ಡ್ ಗಾರ್‌ಫೀಲ್ಡ್. ಮ್ಯಾಜಿಕ್‌ನಲ್ಲಿ ಎದುರಾಳಿಯ ಸರದಿಯ ಮಧ್ಯೆಯೂ ಎಲೆ ಹಾಕಿ ತಡೆಯಬಹುದು. ಹಾರ್ತ್‌ಸ್ಟೋನ್‌ನಲ್ಲಿ ಹಾಗಿಲ್ಲ. ಅವನ ಸರದಿ ಮುಗಿಯೋವರೆಗೂ ನೀವು ಕೈಕಟ್ಟಿ ಕೂರಬೇಕು.

ಮಾತಿನ ವಿಷಯಕ್ಕೆ ಬರೋಣ. ಅಪರಿಚಿತ ಎದುರಾಳಿಗೆ ಟೈಪ್ ಮಾಡಿ ಏನನ್ನೂ ಹೇಳೋ ಹಾಗಿಲ್ಲ. ಕೊಟ್ಟಿದ್ದು ಆರೇ ಆರು ಸಿದ್ಧ ಮಾತು: ನಮಸ್ಕಾರ, ಚೆನ್ನಾಗಿ ಆಡಿದ್ರಿ, ಥ್ಯಾಂಕ್ಸ್, ಸಾರಿ, ಅಯ್ಯೋ ತಪ್ಪಾಯ್ತು, ಆಮೇಲೆ ಒಂದು ಬೆದರಿಕೆ. ಅದೂ ಕೇಳೋದು ಬೇಡ ಅಂದ್ರೆ ಎದುರಾಳಿಯ ಬಾಯಿ ಮುಚ್ಚಿಸೋ ಬಟನ್ ಬೇರೆ. ಬೈಗುಳ ಇರಬಾರದು ಅನ್ನೋದು ಉದ್ದೇಶ.

ಆದ್ರೆ ಜನ ಬಿಡ್ತಾರಾ? 'ಸಾರಿ' ಅನ್ನೋದೇ ಬೈಗುಳ ಆಗಿಹೋಯ್ತು! ನಿಮ್ಮ ಸೈನ್ಯವನ್ನೆಲ್ಲ ಒಂದೇ ಎಲೆಯಲ್ಲಿ ಸಾಯಿಸಿ ಮೇಲೊಂದು 'ಸಾರಿ' ಒತ್ತೋದು. ಕೊನೆಗೆ 2016ರಲ್ಲಿ ಕಂಪನಿ ಆ ಮಾತನ್ನೇ ಕಿತ್ತುಹಾಕಿ ಅದರ ಜಾಗಕ್ಕೆ 'ವಾವ್' ತಂದಿತು. ಕ್ಷಮೆ ಕೇಳೋ ಪದವನ್ನು ಅಸಭ್ಯ ಅಂತ ತೆಗೆದ ಆಟ ಬೇರೆ ಯಾವುದಾದ್ರೂ ಇದ್ರೆ ಹೇಳಿ. ಆ 'ವಾವ್' ಕೂಡ ಕೆಲವೇ ದಿನಗಳಲ್ಲಿ ವ್ಯಂಗ್ಯ ಆಯ್ತು ಅನ್ನೋದು ಬೇರೆ ಮಾತು 😅

ಇದು ಹೊಸ ಜಗಳ ಅಲ್ಲ. ಬ್ರಿಡ್ಜ್ ಅನ್ನೋ ಇಸ್ಪೀಟಿನಾಟದಲ್ಲಿ ಇಬ್ಬಿಬ್ಬರು ಜೋಡಿ, ನಿಮ್ಮ ಜೊತೆಗಾರ ಎದುರಿಗೇ ಕೂತಿರ್ತಾನೆ. ಸವಾಲು ಕೂಗುವಾಗ ದನಿ ಏರಿಳಿಸಿ ಸುಳಿವು ಕೊಡ್ತಾರೆ ಅಂತ 1960ರ ದಶಕದಲ್ಲಿ ಸ್ವೀಡನ್‌ನಲ್ಲಿ ಸವಾಲಿನ ಚೀಟಿಗಳ ಡಬ್ಬಿ ಬಂತು. ಬಾಯಿ ಬಂದ್. ಮುಖ ನೋಡಿ ತಿಳ್ಕೋತಾರೆ ಅಂತ 1975ರಲ್ಲಿ ಬರ್ಮುಡಾದ ವಿಶ್ವ ಪಂದ್ಯದಲ್ಲಿ ಮೇಜಿನ ಮೇಲೆ ಅಡ್ಡ ಪರದೆ ಹಾಕಿದರು. ಮುಖವೂ ಬಂದ್. ಅದೇ ಪಂದ್ಯದಲ್ಲಿ ಇಟಲಿಯ ಒಂದು ಜೋಡಿಯ ಕಾಲು ಮೇಜಿನ ಕೆಳಗೆ ಕಾಲಿಗೆ ತಾಕ್ತಿತ್ತು ಅಂತ ದೂರು ಬಂತು! ಅಧಿಕಾರಿಗಳು ಆ ಜೋಡಿಗೆ ಛೀಮಾರಿ ಹಾಕಿ, ಮೇಜಿನ ಕೆಳಗೆ ಕಾಫಿ ಟೇಬಲ್ ಅಡ್ಡ ಇಟ್ಟರು. ಬ್ರಿಡ್ಜ್‌ನಲ್ಲಿ ಬಾಯಿ ಕಟ್ಟಿದ್ದು ಮೋಸ ತಡೆಯೋಕೆ, ಹಾರ್ತ್‌ಸ್ಟೋನ್‌ನಲ್ಲಿ ಬೈಗುಳ ತಡೆಯೋಕೆ. ಎರಡೂ ಕಡೆ ಒಂದು ದಾರಿ ಮುಚ್ಚಿದ್ರೆ ಜನ ಇನ್ನೊಂದು ಹುಡುಕಿದ್ರು.

ಹಾರ್ತ್‌ಸ್ಟೋನ್‌ನಲ್ಲಿ ಸಿಕ್ಕ ದಾರಿ ಸಮಯ. ಒಂದು ಸರದಿಗೆ 75 ಸೆಕೆಂಡ್. ಕೊನೆಯಲ್ಲಿ ಪರದೆ ಮಧ್ಯೆ ಒಂದು ಹಗ್ಗ ಪಟಾಕಿ ಬತ್ತಿ ಥರ ಉರಿಯೋಕೆ ಶುರುವಾಗುತ್ತೆ. ಗೆಲುವು ಕೈಯಲ್ಲೇ ಇದ್ರೂ ಬೇಕಂತಲೇ ಪ್ರತಿ ಸರದಿ ಆ ಬತ್ತಿ ಮುಗಿಯೋವರೆಗೂ ಕಾಯಿಸೋರಿದ್ದಾರೆ. ಒಂದೇ ಏಟಿಗೆ ಮುಗಿಸಬಹುದಾದ ಆಟದಲ್ಲಿ, ಬೇಡದ ಎಲೆಗಳನ್ನೆಲ್ಲ ಒಂದೊಂದಾಗಿ ಇಳಿಸಿ ಮೆರೆದು ಆಮೇಲೆ ಹೊಡೆಯೋರೂ ಇದ್ದಾರೆ. ನನ್ನ ಪ್ರಕಾರ ಇದು ಬೈಗುಳಕ್ಕಿಂತ ಕೆಟ್ಟದ್ದು. ಬೈಗುಳವನ್ನಾದ್ರೂ ಮ್ಯೂಟ್ ಮಾಡಬಹುದು, ಕಾಯೋದನ್ನ ಮ್ಯೂಟ್ ಮಾಡೋಕಾಗಲ್ಲ.

ಆದ್ರೆ ತಡ ಮಾಡೋದೆಲ್ಲ ದುರ್ನಡತೆ ಅಲ್ಲ, ಮಜಾ ಇರೋದೇ ಇಲ್ಲಿ. ಸರದಿ ಬಂದ ತಕ್ಷಣ ಎಲೆ ಇಳಿಸಿದ್ರೆ 'ಇವನ ಹತ್ರ ಬೇರೆ ದಾರಿ ಇಲ್ಲ' ಅಂತ ಎದುರಾಳಿಗೆ ಗೊತ್ತಾಗುತ್ತೆ. ಕೈಯಲ್ಲಿರೋ ಯಾವ ಜಾಗದ ಎಲೆ ಮೇಲೆ ನಿಮ್ಮ ಮೌಸ್ ಓಡಾಡ್ತಿದೆ ಅನ್ನೋದೂ ಅವನಿಗೆ ಕಾಣುತ್ತೆ, ಅದು ಯಾವ ಎಲೆ ಅಂತ ಮಾತ್ರ ಕಾಣಲ್ಲ. ಹಾಗಾಗಿ ಪಳಗಿದವರು ಸುಲಭದ ಸರದಿಗೂ ಕಷ್ಟದ ಸರದಿಗೂ ಒಂದೇ ಹದದಲ್ಲಿ ಸಮಯ ತಗೋತಾರೆ, ಬೇಡದ ಎಲೆ ಮೇಲೂ ಮೌಸ್ ಆಡಿಸ್ತಾರೆ. ಬ್ರಿಡ್ಜ್‌ನಲ್ಲಿ ಬೇಕಂತಲೇ ತಡವರಿಸಿ ಎದುರಾಳಿಯನ್ನು ದಾರಿತಪ್ಪಿಸೋದು ನಿಯಮದ ಪ್ರಕಾರವೇ ತಪ್ಪು. ಹಾರ್ತ್‌ಸ್ಟೋನ್‌ನಲ್ಲಿ ಅದು ಜಾಣತನ. ಒಂದೇ ಕೆಲಸ, ಎರಡು ಮೇಜು, ಎರಡು ತೀರ್ಪು.

ಹಾಗಾದ್ರೆ ಮರ್ಯಾದೆ ಎಲ್ಲಿ ಉಳಿಯಿತು? ಆಟಗಾರರೇ ಬರೆಯದ ಕಾನೂನು ಮಾಡ್ಕೊಂಡ್ರು. 'ಚೆನ್ನಾಗಿ ಆಡಿದ್ರಿ' ಅನ್ನೋದನ್ನ ಸೋಲ್ತಿರೋನು ಮೊದಲು ಹೇಳಬೇಕು. ಗೆಲ್ಲೋನು ಮೊದಲು ಹೇಳಿದ್ರೆ ಅದು ಚುಚ್ಚುಮಾತು. ಸೋಲು ಖಚಿತ ಅಂತ ಲೆಕ್ಕ ಸಿಕ್ಕ ಮೇಲೆ ಬತ್ತಿ ಉರಿಸದೆ ಸೋಲೊಪ್ಪೋದು ದೊಡ್ಡತನ. ಕೆಲವರು ಇನ್ನೊಂದು ಹೆಜ್ಜೆ ಹೋಗಿ, ಸೋಲೊಪ್ಪದೆ ಸುಮ್ನಿದ್ದು, ಎದುರಾಳಿಗೆ ಕೊನೆಯ ಏಟು ತಾನೇ ಹೊಡೆಯೋ ಖುಷಿ ಬಿಟ್ಟುಕೊಡ್ತಾರೆ. ಅವನು ಕಷ್ಟಪಟ್ಟು ಹೆಣೆದ ಎಲೆಗಳ ಸರಪಳಿ ಪೂರ್ತಿ ಓಡಲಿ ಅಂತ. ನನಗೆ ತುಂಬಾ ಇಷ್ಟವಾದ ರೂಢಿ ಇದು.

ಈಗ 2018ರ ಜಕಾರ್ತಾ ಏಷ್ಯನ್ ಗೇಮ್ಸ್. ಈ ಕೂಟದಲ್ಲಿ ಇಸ್ಪೀಟಿನ ಎರಡೂ ಮುಖ ಒಟ್ಟಿಗೆ ಕಂಡವು. ಮೊದಲ ಸಲ ಸೇರಿದ ಬ್ರಿಡ್ಜ್‌ನಲ್ಲಿ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56ರ ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದರು. ಪ್ರದರ್ಶನ ಸ್ಪರ್ಧೆಯಾಗಿ ನಡೆದ ಇ-ಸ್ಪೋರ್ಟ್ಸ್‌ನಲ್ಲಿ ಗುಜರಾತಿನ ಭುಜ್‌ನ ಹುಡುಗ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಆಡಿ ಕಂಚು ಗೆದ್ದ. ಚಿನ್ನ ಹಾಂಗ್‌ಕಾಂಗಿಗೆ, ಬೆಳ್ಳಿ ಆತಿಥೇಯ ಇಂಡೋನೇಷ್ಯಾಕ್ಕೆ. ಪ್ರದರ್ಶನ ಸ್ಪರ್ಧೆ ಆದ್ದರಿಂದ ಆ ಕಂಚು ಭಾರತದ ಅಧಿಕೃತ ಪದಕಪಟ್ಟಿಗೆ ಸೇರಲಿಲ್ಲ.

ಮುಂದಿನ ಹಾಂಗ್‌ಝೌ ಕೂಟದಲ್ಲಿ ಹಾರ್ತ್‌ಸ್ಟೋನ್‌ಗೆ ಲೆಕ್ಕಕ್ಕೆ ಬರೋ ಪದಕ ಅಂತ ಘೋಷಣೆ ಆಗಿತ್ತು. 2022ರ ಡಿಸೆಂಬರ್‌ನಲ್ಲಿ ನಮ್ಮ ಕೇಂದ್ರ ಸರ್ಕಾರವೂ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ಎಲ್ಲ ಸರಿಹೋಯ್ತು ಅನ್ನೋಷ್ಟರಲ್ಲಿ, 2023ರ ಜನವರಿಯಲ್ಲಿ ಬ್ಲಿಝಾರ್ಡ್ ಮತ್ತು ಅದರ ಚೀನೀ ಪಾಲುದಾರ ನೆಟ್‌ಈಸ್ ನಡುವಿನ ಒಪ್ಪಂದ ಮುರಿದು ಚೀನಾದ ಸರ್ವರ್‌ಗಳೇ ಬಂದ್ ಆದವು. ಆಮೇಲೆ ಆಟವನ್ನು ಕೂಟದ ಪಟ್ಟಿಯಿಂದ ತೆಗೆದರು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಬತ್ತಿ ಉರಿಸಿರಲಿಲ್ಲ. ಎಲೆಗಳ ಒಡೆಯರು ಜಗಳಾಡಿದ್ರು, ವರ್ಷಗಟ್ಟಲೆ ತಯಾರಾದವರಿಗೆ ಆಡೋಕೆ ಎಲೆಗಳೇ ಇರಲಿಲ್ಲ.

ಯಾವ ಕಂಪನಿಯ ಸ್ವತ್ತೂ ಅಲ್ಲದ ಬ್ರಿಡ್ಜ್ ಮಾತ್ರ ಹಾಂಗ್‌ಝೌನಲ್ಲೂ ಇತ್ತು, ಅದೇ 52 ಎಲೆ. ಭಾರತದ ಪುರುಷರ ತಂಡ ಫೈನಲ್‌ನಲ್ಲಿ ಹಾಂಗ್‌ಕಾಂಗಿಗೆ ಸೋತು ಬೆಳ್ಳಿ ತಗೊಂಡು ಬಂತು. 🥈

#ಆಟಗಳಇತಿಹಾಸ #ಇಸ್ಪೀಟು #ಹಾರ್ತ್‌ಸ್ಟೋನ್ #ಕನ್ನಡ